ಹರಾಜು ಗೆದ್ದವರು ಹಣ ಕಳಿಸದಿದ್ದಾಗ: ನಾಲ್ಕು ದಾರಿಗಳ ಹೋಲಿಕೆ

ಆನ್‌ಲೈನ್ ಹರಾಜಿನಲ್ಲಿ ವಸ್ತು ಮಾರುವವರಿಗೆ, ಹರಾಜು ಮುಗಿದಾಗ ಪರದೆಯ ಮೇಲೆ ಕಾಣುವ ಮೊತ್ತ ಇನ್ನೂ ಕೈಗೆ ಬಂದ ಹಣವಲ್ಲ. ಗೆದ್ದವರು ಪಾವತಿ ಮಾಡುವವರೆಗೆ ವಸ್ತುವನ್ನು ಕಳಿಸುವಂತಿಲ್ಲ, ಬೇರೆಯವರಿಗೆ ಮಾರುವಂತೆಯೂ ಇಲ್ಲ. ಹಳೆಯ ಕ್ಯಾಮೆರಾ ಲೆನ್ಸ್‌ಗಳನ್ನೂ ಅಂಚೆಚೀಟಿಗಳನ್ನೂ ಹರಾಜಿಗಿಡುತ್ತ ಬಂದಿರುವ ನಾನು ಈ ತ್ರಿಶಂಕು ಸ್ಥಿತಿಯನ್ನು ನಿಭಾಯಿಸಲು ನಾಲ್ಕು ದಾರಿಗಳನ್ನು ಪ್ರಯೋಗಿಸಿ ನೋಡಿದ್ದೇನೆ: ನೆನಪಿಸುತ್ತ ಕಾಯುವುದು, ಗಡುವು ಮುಗಿದೊಡನೆ ರದ್ದುಪಡಿಸುವುದು, ಎರಡನೆಯ ಬಿಡ್‌ದಾರರಿಗೆ ವಸ್ತುವನ್ನು ಕೊಡಲು ಮುಂದಾಗುವುದು, ಮತ್ತು ಮೊದಲೇ ಹಣ ಖಾತ್ರಿಯಾಗುವಂತೆ ಮಾರಾಟವನ್ನು ರೂಪಿಸುವುದು. ಯಾವಾಗ ಯಾವುದನ್ನು ಆರಿಸಬೇಕೆಂಬುದು ಎಷ್ಟು ದಿನ ತಡವಾಯಿತೆಂಬುದಕ್ಕಿಂತ ಹೆಚ್ಚಾಗಿ, ಖರೀದಿದಾರರು ಮಾತಿಗೆ ಸಿಗುತ್ತಿದ್ದಾರೆಯೇ ಇಲ್ಲವೇ ಎಂಬುದನ್ನು ಅವಲಂಬಿಸಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಯುವ ದಾರಿ ಎಲ್ಲಕ್ಕಿಂತ ಹಳೆಯದು. 1995ರಲ್ಲಿ ಇಬೇ ಎಂಬ ಆನ್‌ಲೈನ್ ಹರಾಜು ತಾಣ ಆರಂಭವಾದಾಗ ಖರೀದಿದಾರರು ಚೆಕ್ಕನ್ನೋ ಮನಿ ಆರ್ಡರನ್ನೋ ಅಂಚೆಯಲ್ಲಿ ಕಳಿಸುತ್ತಿದ್ದರು. ಹಣ ಬರಲು ದಿನಗಳು ಹಿಡಿಯುವುದು ಆಗ ಸಹಜವಾಗಿತ್ತು. ಈಗ ಪಾವತಿಗೆ ಕೆಲವೇ ಕ್ಷಣಗಳು ಸಾಕಾಗುವುದರಿಂದ ವಿಳಂಬಕ್ಕೆ ಅಂಚೆಯ ಕಾರಣ ಉಳಿದಿಲ್ಲ. ಆದರೂ ನ್ಯಾಯವಾದ ಬೇರೆ ಕಾರಣಗಳಿವೆ. ಅವುಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು, ಒಬ್ಬರೇ ನನ್ನ ಹಲವು ಹರಾಜುಗಳಲ್ಲಿ ಬಿಡ್ ಮಾಡಿ, ಎಲ್ಲವೂ ಮುಗಿದ ಮೇಲೆ ಒಂದೇ ಪೊಟ್ಟಣದಲ್ಲಿ ತರಿಸಿಕೊಂಡು ಸಾಗಣೆ ವೆಚ್ಚ ಉಳಿಸಲು ಬಯಸುವುದು. ಲೆನ್ಸ್ ಒಂದು ದಿನ, ಅದರ ಮುಚ್ಚಳ ಮತ್ತು ಫಿಲ್ಟರ್ ಇನ್ನೆರಡು ದಿನಗಳ ನಂತರ ಮುಗಿಯುವಂತಿದ್ದರೆ, ಮೊದಲನೆಯದಕ್ಕೆ ಹಣ ಬಾರದಿರುವುದನ್ನು ತಪ್ಪೆಂದು ಹೇಳಲಾಗದು. ಅಂಥವರಿಗೆ ಕಟುವಾದ ತಗಾದೆ ಕಳಿಸಿದರೆ ಒಳ್ಳೆಯ ಗಿರಾಕಿಯನ್ನು ಕಳೆದುಕೊಳ್ಳುತ್ತೇವೆ.

ಆದ್ದರಿಂದ ಮೊದಲ ನೆನಪೋಲೆಯ ಧಾಟಿ ಬಹಳ ಮುಖ್ಯ. "ದಯವಿಟ್ಟು ಬೇಗ ಪಾವತಿಸಿ" ಎಂದಷ್ಟೇ ಬರೆದರೆ ಉತ್ತರವೇ ಬರುವುದಿಲ್ಲ, ಬಂದರೂ "ಆಗಲಿ" ಎಂಬಷ್ಟರಲ್ಲಿ ಮುಗಿಯುತ್ತದೆ. ನಾನು ಎರಡನೆಯ ದಿನ ಕಳಿಸುವ ಸಂದೇಶ ಹೀಗಿರುತ್ತದೆ: "ನಮಸ್ಕಾರ. ನೀವು ಗೆದ್ದ ಲೆನ್ಸ್ ಪ್ಯಾಕ್ ಆಗಿ ಸಿದ್ಧವಾಗಿದೆ. ಪಾವತಿಯಲ್ಲಿ ತೊಂದರೆಯಿದ್ದರೆ, ಅಥವಾ ಬೇರೆ ವಸ್ತುಗಳ ಜೊತೆ ಸೇರಿಸಿ ಕಳಿಸಬೇಕಿದ್ದರೆ ತಿಳಿಸಿ. ಯಾವ ದಿನ ಪಾವತಿಸಲು ನಿಮಗೆ ಅನುಕೂಲವೆಂದು ಒಂದು ಸಾಲು ಬರೆದರೆ ಅಲ್ಲಿಯವರೆಗೆ ಕಾದಿರಿಸುತ್ತೇನೆ." ಇದರಲ್ಲಿ ಕೊನೆಯ ವಾಕ್ಯವೇ ಹೆಚ್ಚು ಕೆಲಸ ಮಾಡುತ್ತದೆ. ತಾವೇ ದಿನ ಗೊತ್ತುಮಾಡಿದವರಲ್ಲಿ ಬಹುಪಾಲು ಜನ ಆ ದಿನದೊಳಗೆ ಹಣ ಕಳಿಸುವುದನ್ನು ನಾನು ಕಂಡಿದ್ದೇನೆ. ದಿನ ಹೇಳದೆ ಬರಿಯ ಕಾರಣಗಳನ್ನು ಹೇಳುವವರಿಂದ ಹಣ ಬಂದದ್ದು ಅಪರೂಪ. ಎರಡನೆಯ ಬಾರಿ ವಾಯಿದೆ ಕೇಳಿದವರಿಗೆ ನಾನು ಒಪ್ಪುವುದಿಲ್ಲ.

ಎರಡನೆಯ ದಾರಿಯಾದ ರದ್ದತಿಯು ನಿಯಮಬದ್ಧವಾದದ್ದು, ನಿರ್ವಿಕಾರವಾದದ್ದು. ಇಬೇಯಲ್ಲಿ ಪಾವತಿಗೆ 4 ದಿನಗಳ ಗಡುವಿದ್ದು, ಅದು ಮೀರಿದ ಮೇಲೆ, ಖರೀದಿದಾರರು ಹಣ ಕೊಡಲಿಲ್ಲವೆಂಬ ಕಾರಣವನ್ನು ನಮೂದಿಸಿ ಮಾರಾಟಗಾರರು ಆದೇಶವನ್ನು ರದ್ದುಪಡಿಸಬಹುದು. ಈ ಕಾರಣವನ್ನೇ ಆರಿಸುವುದು ಅಗತ್ಯ, ಏಕೆಂದರೆ ಮಾರಾಟದ ಮೇಲಿನ ಅಂತಿಮ ಶುಲ್ಕ ಹಿಂದಿರುಗುವುದೂ, ಖರೀದಿದಾರರ ಖಾತೆಯಲ್ಲಿ ಪಾವತಿಸದ ದಾಖಲೆ ಉಳಿಯುವುದೂ ಇದರಿಂದಲೇ. ಅವರ ಮನಸ್ಸು ನೋಯಬಾರದೆಂದು ಬೇರೆ ಕಾರಣ ತೋರಿಸಿದರೆ ಆ ದಾಖಲೆ ಅಳಿದುಹೋಗಿ, ಮುಂದಿನ ಮಾರಾಟಗಾರರೂ ಅದೇ ಖಾತೆಯಿಂದ ತೊಂದರೆಗೊಳಗಾಗುತ್ತಾರೆ. 2008ರಿಂದೀಚೆಗೆ ಅಲ್ಲಿ ಮಾರಾಟಗಾರರು ಖರೀದಿದಾರರ ಬಗ್ಗೆ ನಕಾರಾತ್ಮಕ ಅಭಿಪ್ರಾಯ ದಾಖಲಿಸುವಂತಿಲ್ಲವಾದ್ದರಿಂದ, ಈ ದಾಖಲೆಯೇ ನಮ್ಮ ಕೈಯಲ್ಲಿ ಉಳಿದಿರುವ ಎಚ್ಚರಿಕೆಯ ಗುರುತು. ಇಂಥ ದಾಖಲೆಯುಳ್ಳವರು ನಮ್ಮ ವಸ್ತುಗಳಿಗೆ ಬಿಡ್ ಮಾಡದಂತೆ ತಡೆಯುವ ಸೌಲಭ್ಯವೂ ಇದೆ. ಅದನ್ನು ಎಲ್ಲರೂ ಚಾಲೂ ಮಾಡಿಕೊಳ್ಳಬೇಕು.

ಗಡುವು ಮೀರಿದ ಆದೇಶಗಳನ್ನು ತಾನಾಗಿಯೇ ರದ್ದುಪಡಿಸುವ ವ್ಯವಸ್ಥೆಯನ್ನೂ ನಾನು ಕೆಲಕಾಲ ಬಳಸಿದೆ. ಅಗ್ಗದ ಅಂಚೆಚೀಟಿಗಳ ಮಾರಾಟದಲ್ಲಿ ಅದು ನಿಜಕ್ಕೂ ಉಪಕಾರಿ: ಪ್ರತಿಯೊಂದರ ಹಿಂದೆಯೂ ಪತ್ರ ಬರೆಯುತ್ತ ಕೂರುವಷ್ಟು ಲಾಭ ಅವುಗಳಲ್ಲಿಲ್ಲ. ಆದರೆ ಆ ವ್ಯವಸ್ಥೆಗೆ ಸುಮ್ಮನಿರುವವರಿಗೂ ದಿನ ಗೊತ್ತುಮಾಡಿ ಮಾತು ಕೊಟ್ಟವರಿಗೂ ಇರುವ ವ್ಯತ್ಯಾಸ ತಿಳಿಯದು. ಕಾಯುತ್ತೇನೆಂದು ನಾನು ಬರೆದಿದ್ದರೂ ಆದೇಶ ರದ್ದಾದರೆ, ಮಾತಿಗೆ ತಪ್ಪಿದವನು ನಾನಾಗುತ್ತೇನೆ. ಹೀಗಾಗಿ ಬೆಲೆಬಾಳುವ ಲೆನ್ಸ್‌ಗಳ ವಿಷಯದಲ್ಲಿ ರದ್ದತಿಯ ಗುಂಡಿಯನ್ನು ನಾನೇ ಒತ್ತುವುದನ್ನು ಉಳಿಸಿಕೊಂಡಿದ್ದೇನೆ.

ರದ್ದಾದ ಮೇಲೆ ಏನು ಮಾಡಬೇಕೆಂಬಲ್ಲಿ ಮೂರನೆಯ ದಾರಿ ತೆರೆದುಕೊಳ್ಳುತ್ತದೆ. ಎರಡನೆಯ ಸ್ಥಾನದಲ್ಲಿದ್ದ ಬಿಡ್‌ದಾರರಿಗೆ ಅವರ ಗರಿಷ್ಠ ಬಿಡ್‌ನ, ಅಂದರೆ ಅವರು ಕೊಡಲು ಸಿದ್ಧವೆಂದು ನಮೂದಿಸಿದ ಅತಿ ಹೆಚ್ಚಿನ ಮೊತ್ತದ, ಬೆಲೆಗೇ ವಸ್ತುವನ್ನು ಕೊಡಲು ಮುಂದಾಗುವ ಅವಕಾಶ ಇಬೇಯಲ್ಲಿ ಹರಾಜು ಮುಗಿದ 60 ದಿನಗಳವರೆಗೆ ಇರುತ್ತದೆ. ಮೇಲ್ನೋಟಕ್ಕೆ ಇದರಲ್ಲಿ ನಷ್ಟವೇ ಇಲ್ಲ, ಏಕೆಂದರೆ ಗೆದ್ದವರು ಕೊಡಬೇಕಾಗಿದ್ದದ್ದು ಎರಡನೆಯವರ ಗರಿಷ್ಠ ಬಿಡ್‌ಗಿಂತ ಒಂದು ಹಂತ ಮಾತ್ರ ಹೆಚ್ಚು. ಆದರೆ ಎರಡನೆಯವರ ಕಡೆಯಿಂದ ಲೆಕ್ಕ ಹಾಕಿ ನೋಡಬೇಕು. ಮೂರನೆಯವರ ಗರಿಷ್ಠ ಬಿಡ್ 400, ಎರಡನೆಯವರದು 900, ಗೆದ್ದವರದು 1,200, ಏರಿಕೆಯ ಹಂತ 10 ಎಂದುಕೊಳ್ಳೋಣ. ಗೆದ್ದವರು 910 ಕೊಡಬೇಕಿತ್ತು. ಅವರು ಹಿಂದೆ ಸರಿದಾಗ ನಾವು ಎರಡನೆಯವರಿಂದ 900 ಕೇಳುತ್ತೇವೆ. ಹಣ ಕೊಡದ ಆ ವ್ಯಕ್ತಿ ಹರಾಜಿನಲ್ಲಿ ಇರದೇ ಹೋಗಿದ್ದರೆ ಅದೇ ವಸ್ತು ಅವರಿಗೆ 410ಕ್ಕೆ ಸಿಗುತ್ತಿತ್ತು. ಈ ಅಂತರವನ್ನು ಕಂಡವರಿಗೆ, ಬೆಲೆ ಏರಿಸಲು ಮಾರಾಟಗಾರರೇ ಯಾರನ್ನಾದರೂ ಬಿಟ್ಟಿದ್ದರೇ ಎಂಬ ಅನುಮಾನ ಬರುವುದು ಸಹಜ, ಮತ್ತು ಅಂಥ ಮೋಸ ಹರಾಜುಗಳಲ್ಲಿ ನಡೆಯುತ್ತದೆ ಎಂಬುದೂ ನಿಜ.

ಆದ್ದರಿಂದ ಈ ದಾರಿಯನ್ನು ನಾನು ಬಳಸುವುದು ಎರಡನೆಯ ಮತ್ತು ಮೂರನೆಯ ಬಿಡ್‌ಗಳು ಹತ್ತಿರಹತ್ತಿರ ಇದ್ದಾಗ ಮಾತ್ರ. ಆಗ ಬೆಲೆಯನ್ನು ಹಲವರು ಸೇರಿ ನಿಗದಿಪಡಿಸಿದ್ದು ಸ್ಪಷ್ಟವಾಗಿರುತ್ತದೆ, ಎರಡನೆಯವರು ಸಂತೋಷದಿಂದಲೇ ಒಪ್ಪುತ್ತಾರೆ. ಮೇಲಿನ ಲೆಕ್ಕದಂತೆ ಅಂತರ ದೊಡ್ಡದಿದ್ದರೆ ವಸ್ತುವನ್ನು ಹೊಸದಾಗಿ ಹರಾಜಿಗಿಡುವುದೇ ಮರ್ಯಾದೆಯ ಕೆಲಸ. ಬೆಲೆ ಸ್ವಲ್ಪ ಇಳಿದರೂ ಹೆಸರು ಉಳಿಯುತ್ತದೆ. ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಮೊದಲ ಆದೇಶ ರದ್ದಾಗಿದೆಯೆಂದು ಖಾತ್ರಿಯಾಗುವ ಮುನ್ನ ಎರಡನೆಯವರಿಗೆ ಆಹ್ವಾನ ಕಳಿಸಬಾರದು, ಏಕೆಂದರೆ ತಡ ಮಾಡಿದವರು ಅದೇ ರಾತ್ರಿ ಹಣ ಕಳಿಸಿಬಿಟ್ಟರೆ ಒಂದೇ ಲೆನ್ಸ್‌ಗೆ ಇಬ್ಬರು ಹಕ್ಕುದಾರರಾಗುತ್ತಾರೆ.

ನಾಲ್ಕನೆಯ ದಾರಿ ತೊಂದರೆ ಹುಟ್ಟುವ ಮೊದಲೇ ಅದನ್ನು ತಡೆಯುತ್ತದೆ. ನಿಗದಿತ ಬೆಲೆಯ ಮಾರಾಟದಲ್ಲಿ ತಕ್ಷಣದ ಪಾವತಿಯನ್ನು ಕಡ್ಡಾಯ ಮಾಡಿದರೆ, ಹಣ ಬರುವವರೆಗೆ ವಸ್ತು ಯಾರ ಹೆಸರಿಗೂ ಆಗುವುದಿಲ್ಲ. ಹರಾಜಿನಲ್ಲಿ ಅಂತಿಮ ಬೆಲೆ ಕೊನೆಯವರೆಗೆ ತಿಳಿಯದ ಕಾರಣ ಅದನ್ನೇ ನೇರವಾಗಿ ಅನ್ವಯಿಸಲಾಗದು. ಬಿಡ್ ಮಾಡುವ ಮುನ್ನವೇ ಕಾರ್ಡ್ ಅಥವಾ ಖಾತೆಯ ವಿವರ ಪಡೆದು, ಗೆದ್ದೊಡನೆ ಹಣ ಕಡಿತ ಮಾಡಿಕೊಳ್ಳುವ ಏರ್ಪಾಡು ಕೆಲವು ಸಂದರ್ಭಗಳಲ್ಲಿದೆ. ಮಾಮೂಲಿ ಬೆಲೆ ಎಲ್ಲರಿಗೂ ಗೊತ್ತಿರುವ ಸಾಮಾನ್ಯ ಲೆನ್ಸ್‌ಗಳನ್ನು ನಾನು ಈಗ ನಿಗದಿತ ಬೆಲೆಗೇ ಮಾರುತ್ತೇನೆ, ತಗಾದೆಯ ಮಾತೇ ಬರುವುದಿಲ್ಲ. ಅಪರೂಪದ ಅಂಚೆಚೀಟಿಗಳಿಗೆ ಮಾತ್ರ ಈ ದಾರಿ ಹೊಂದುವುದಿಲ್ಲ. ಅವುಗಳ ಬೆಲೆಯನ್ನು ನಾನೊಬ್ಬನೇ ಊಹಿಸುವುದಕ್ಕಿಂತ ಬಲ್ಲ ಸಂಗ್ರಾಹಕರು ಪೈಪೋಟಿಯಲ್ಲಿ ಕಂಡುಕೊಳ್ಳುವುದೇ ಸರಿ, ಆ ಲಾಭಕ್ಕಾಗಿ ಆಗೊಮ್ಮೆ ಈಗೊಮ್ಮೆ ವಿಳಂಬವನ್ನು ಸಹಿಸಿಕೊಳ್ಳಬಹುದು.

ರದ್ದುಪಡಿಸಿದ ಬಳಿಕ ಎಚ್ಚೆತ್ತು "ಈಗ ಹಣ ಸಿದ್ಧವಿದೆ" ಎಂದು ಬರೆಯುವವರೂ ಇದ್ದಾರೆ. ಅವರೊಡನೆ ವ್ಯವಹಾರವನ್ನು ತಾಣದ ಹೊರಗೆ ಮುಗಿಸಲು ಹೋಗಬಾರದು. ಅದು ನಿಯಮಬಾಹಿರ, ಜೊತೆಗೆ ಏನಾದರೂ ಹೆಚ್ಚುಕಡಿಮೆಯಾದರೆ ಇಬ್ಬರಿಗೂ ತಾಣದ ರಕ್ಷಣೆ ಸಿಗದು. ವಸ್ತು ಇನ್ನೂ ನನ್ನ ಬಳಿಯೇ ಇದ್ದು, ಬೇರೆಯವರಿಗೆ ಆಹ್ವಾನ ಹೋಗಿರದಿದ್ದರೆ, ಅವರು ಗೆದ್ದಿದ್ದ ಬೆಲೆಗೇ ತಕ್ಷಣದ ಪಾವತಿಯ ಷರತ್ತಿನೊಡನೆ ಅದನ್ನು ಹೊಸದಾಗಿ ಪಟ್ಟಿ ಮಾಡಿ ಅವರಿಗೆ ತಿಳಿಸುತ್ತೇನೆ. ಆಹ್ವಾನ ಹೋಗಿದ್ದರೆ, ಎರಡನೆಯವರ ಉತ್ತರ ಬರುವವರೆಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ.