ಬರಿ ಮಣ್ಣು, ಕಪ್ಪು ಶೀಟ್, ಒಣ ಎಲೆ: ದೊಡ್ಡ ಕೈತೋಟದಲ್ಲಿ ಮೂರನ್ನೂ ಮಾಡಿ ನೋಡಿದೆ

ಬಿತ್ತನೆ ಮಾಡುವಾಗ ಎಲ್ಲರಿಗೂ ಹುರುಪು ಇರುತ್ತದೆ. ತೋಟ ಕೈತಪ್ಪುವುದು ಐದಾರು ವಾರ ಕಳೆದ ಮೇಲೆ. ಒಂದು ವಾರ ಆ ಕಡೆ ಹೋಗದಿದ್ದರೆ ಸಾಕು, ಮೆಣಸಿನ ಸಸಿ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ನಾಲ್ಕು ಕುಂಡ ಇಟ್ಟವರಿಗೆ ಕಳೆ ದೊಡ್ಡ ವಿಷಯವೇ ಅಲ್ಲ. ನನ್ನ ತೋಟ 30 ಅಡಿ ಅಗಲ, 40 ಅಡಿ ಉದ್ದ ಇದೆ. ಇಷ್ಟು ಜಾಗದಲ್ಲಿ ಕಳೆ ಕೀಳುವುದೇ ಮುಖ್ಯ ಕೆಲಸ, ತರಕಾರಿ ಬೆಳೆಯುವುದು ಅದರ ಜೊತೆಗೆ ನಡೆಯುವ ಕೆಲಸ.

ಹಾಗಾಗಿ ಎರಡು ಬೆಳೆಯ ಕಾಲ ಒಂದು ಪರೀಕ್ಷೆ ಮಾಡಿದೆ. 4 ಅಡಿ ಅಗಲದ ಮೂರು ಮಡಿ. ಮೂರಕ್ಕೂ ಒಂದೇ ಕಾಂಪೋಸ್ಟ್, ಒಂದೇ ಹನಿ ನೀರಿನ ಪೈಪು. ಒಂದನ್ನು ಬರಿ ಮಣ್ಣಾಗಿಯೇ ಬಿಟ್ಟು ಕುರ್ಚಿಗೆ (ಕಳೆ ಕೆದಕುವ ಸಣ್ಣ ಕೈಸಲಕರಣೆ) ಹಿಡಿದು ಕಳೆ ತೆಗೆದೆ. ಇನ್ನೊಂದಕ್ಕೆ ಕಪ್ಪು ಮಲ್ಚಿಂಗ್ ಶೀಟ್, ಅಂದರೆ ಮಣ್ಣು ಮುಚ್ಚುವ ಪ್ಲಾಸ್ಟಿಕ್ ಹಾಳೆ, ಹಾಸಿದೆ. ಮೂರನೆಯದಕ್ಕೆ ಒಣ ಎಲೆ ಹೊದಿಸಿದೆ. ಮೊದಲ ಸಲ ಟೊಮೆಟೊ, ಬದನೆ, ಮೆಣಸು ಹಾಕಿದ್ದೆ. ಈ ಮೂರೂ ಒಂದೇ ಕುಟುಂಬದವು. ಅದೇ ಮಡಿಗೆ ಮತ್ತೆ ಅವನ್ನೇ ಹಾಕಿದರೆ ಮಣ್ಣಿನ ರೋಗ ಅಲ್ಲೇ ಬೇರೂರುತ್ತದೆ. ಅದಕ್ಕೆ ಎರಡನೇ ಸಲ ಬೀನ್ಸ್, ಬೆಂಡೆ, ಸೌತೆ ಹಾಕಿ, ಹೊದಿಕೆಗಳ ಜಾಗವನ್ನೂ ಅದಲುಬದಲು ಮಾಡಿದೆ. ಇಲ್ಲದಿದ್ದರೆ ಚೆನ್ನಾಗಿ ಬಂದದ್ದು ಹೊದಿಕೆಯಿಂದಲೋ, ಆ ಜಾಗದ ಮಣ್ಣಿನಿಂದಲೋ ಅಂತ ಗೊತ್ತಾಗುವುದಿಲ್ಲ ಅಲ್ವಾ.

ಮೊದಲು ಶೀಟ್ ವಿಷಯ ಹೇಳುತ್ತೇನೆ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಮೊದಲ ತಿಂಗಳು ಅದೇ ಗೆದ್ದಿತು. ಬೆಳಕು ಒಳಗೆ ಹೋಗದ ಕಾರಣ ಕಳೆ ಮೇಲೇಳುವುದಿಲ್ಲ. ಕೆಳಗಿನ ಮಣ್ಣು ಬೆಚ್ಚಗಿರುವುದರಿಂದ ಸಸಿಗಳು ಬೇಗ ಬೇರು ಬಿಟ್ಟವು. ಟೊಮೆಟೊ ಮೊದಲು ಹೂ ಬಿಟ್ಟಿದ್ದೂ ಇಲ್ಲೇ. ಆದರೆ ಜೇಕು ಇದೆಯಲ್ಲ, ಅದು ಶೀಟನ್ನು ಸೂಜಿಯ ಹಾಗೆ ಚುಚ್ಚಿಕೊಂಡು ಮೇಲೆ ಬಂತು. ಅದರ ಗಡ್ಡೆ ಮಣ್ಣಿನಲ್ಲಿ ಇರುವವರೆಗೆ ಈ ಶೀಟ್ ಅದನ್ನು ತಡೆಯುವುದಿಲ್ಲ. ಗರಿಕೆ ಶೀಟಿನ ಅಡಿಯಲ್ಲೇ ಹರಿದು, ಗಿಡಕ್ಕೆಂದು ಮಾಡಿದ ತೂತಿನಿಂದ ತಲೆ ಹಾಕಿತು. ಬಿಸಿಲು ಜೋರಾದಾಗ ಕಾದ ಶೀಟಿನ ಅಂಚು ತಗುಲಿ ಎರಡು ಮೆಣಸಿನ ಸಸಿಗಳ ಕಾಂಡ ಸುಟ್ಟುಹೋಯಿತು. ತೂತನ್ನು ಇನ್ನೂ ಅಗಲ ಮಾಡಿ, ಅಂಚಿನ ಮೇಲೆ ಒಂದು ಹಿಡಿ ಮಣ್ಣು ಹಾಕಿದ ಮೇಲೆ ಉಳಿದವು ಬದುಕಿಕೊಂಡವು.

ನೀರಿನ ಲೆಕ್ಕವೂ ಬೇರೆ. ಮಳೆ ಬಂದರೆ ನೀರು ಶೀಟಿನ ಮೇಲಿಂದ ಜಾರಿ ದಾರಿಗೆ ಹೋಗುತ್ತದೆ. ಅಡಿಯಲ್ಲಿ ಹನಿ ಪೈಪು ಇಲ್ಲದೆ ಶೀಟ್ ಹಾಸಲೇಬಾರದು. ಹನಿಯ ತೂತು ಕಟ್ಟಿಕೊಂಡರೆ ಕಣ್ಣಿಗೂ ಬೀಳುವುದಿಲ್ಲ, ಗಿಡ ಬಾಡಿದ ಮೇಲೆಯೇ ಗೊತ್ತಾಗುವುದು. ಇಷ್ಟಾದರೂ ನನಗೆ ಇದು ಬೇಡ ಅನ್ನಿಸಿದ್ದು ಕೊನೆಯ ದಿನ. ಎಳೆದು ತೆಗೆಯುವಾಗ ಬಿಸಿಲಿಗೆ ಒಣಗಿದ ಭಾಗ ಚೂರುಚೂರಾಯಿತು. ಬೆರಳುಗುರಿನಷ್ಟು ಚೂರುಗಳನ್ನು ಮಣ್ಣಿನಿಂದ ಹೆಕ್ಕುತ್ತಾ ಒಂದು ಸಂಜೆ ಕಳೆದೆ, ಆದರೂ ಈಗಲೂ ಸಿಗುತ್ತಿವೆ. ತಿನ್ನುವುದನ್ನು ಬೆಳೆಯುವ ಮಣ್ಣಿನಲ್ಲಿ ಅದು ಇರುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಬರಿ ಮಣ್ಣಿನ ಮಡಿ ಕಲಿಸಿದ್ದು ಬೇರೆಯದೇ. ಕಳೆ ತೆಗೆಯುವುದಕ್ಕೆ ಒಂದು ಹೊತ್ತು ಇದೆ. ಮೊಳಕೆ ಬಿಳಿ ದಾರದ ಹಾಗಿರುವಾಗಲೇ, ಬಿಸಿಲಿನ ಬೆಳಗ್ಗೆ, ಮೇಲ್ಮಣ್ಣನ್ನು ಸುಮ್ನೆ ಕೆದಕಿದರೆ ಸಾಕು, ಮಧ್ಯಾಹ್ನದೊಳಗೆ ಒಣಗಿಹೋಗುತ್ತದೆ. ಆಳವಾಗಿ ಅಗೆದರೆ ಒಳಗೆ ಮಲಗಿದ್ದ ಬೀಜಗಳನ್ನು ನಾವೇ ಬೆಳಕಿಗೆ ತಂದ ಹಾಗೆ, ಹತ್ತೇ ದಿನದಲ್ಲಿ ಹೊಸ ಹಸಿರು. ವಾರಕ್ಕೆ ಎರಡು ಸಲ ಕಾಲು ಗಂಟೆ ಕೊಟ್ಟಾಗ ಈ ಮಡಿ ಚೆನ್ನಾಗಿಯೇ ಇತ್ತು. ಒಂದು ವಾರ ಜ್ವರ ಬಂದು ಮಲಗಿದೆ. ಆಮೇಲೆ ಅದನ್ನು ಸರಿಮಾಡಲು ಇಡೀ ಬೆಳಗ್ಗೆ ಬೇಕಾಯಿತು. ಕಿತ್ತ ಕಳೆಯ ಜೊತೆ ಬೆಂಡೆಯ ಬೇರೂ ಅಲುಗಿತು.

ಇನ್ನೊಂದು ತೊಂದರೆ ಟೊಮೆಟೊದಲ್ಲಿ ಕಾಣಿಸಿತು. ಬರಿ ಮಣ್ಣು ಒಂದು ದಿನ ಒದ್ದೆ, ಮೂರು ದಿನ ಒಣ. ಕಾಯಿಯ ತುದಿ ಕಪ್ಪಾಗಿ ಒಳಕ್ಕೆ ಕುಸಿಯತೊಡಗಿತು. ಇದನ್ನು ರೋಗ ಅಂದುಕೊಂಡು ಔಷಧಿ ಹೊಡೆಯುವವರು ಜಾಸ್ತಿ. ಕಾಯಿಗೆ ಕ್ಯಾಲ್ಸಿಯಂ ತಲುಪದಿದ್ದಾಗ ಹೀಗಾಗುತ್ತದೆ. ಹೆಚ್ಚಿನ ಸಲ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತದೆ, ಅದನ್ನು ಕಾಯಿಯವರೆಗೆ ಒಯ್ಯುವ ನೀರು ಒಂದೇ ಸಮ ಸಿಗುವುದಿಲ್ಲ. ಮಳೆಯ ಹನಿ ಬಿದ್ದು ಕೆಸರು ಚಿಮ್ಮಿ ಕೆಳಗಿನ ಎಲೆಗಳಲ್ಲಿ ಕಂದು ಚುಕ್ಕೆಯೂ ಮೊದಲು ಬಂದದ್ದು ಈ ಮಡಿಯಲ್ಲೇ.

ಇನ್ನು ಒಣ ಎಲೆ. ನನ್ನ ಮತ ಇದಕ್ಕೇ. ಆದರೆ ಶುರುವಿನಲ್ಲಿ ಇದೇ ಹೆಚ್ಚು ನಿರಾಸೆ ಮಾಡಿತ್ತು.

ಸಸಿ ನೆಟ್ಟ ದಿನವೇ ದಪ್ಪಗೆ ಎಲೆ ಹೊದಿಸಿಬಿಟ್ಟೆ. ಗೊಂಡೆಹುಳುಗಳು (ಚಿಪ್ಪಿಲ್ಲದ ಬಸವನಹುಳುಗಳು) ಅದರಡಿ ತಂಪಾಗಿ ಕೂತು ರಾತ್ರಿ ಹೊತ್ತು ಎಳೆ ಸಸಿಗಳನ್ನು ಮೇಯ್ದವು. ಮತ್ತೆ ನೆಡಬೇಕಾಯಿತು. ಈಗ ಸಸಿ ಒಂದು ಗೇಣು ಎತ್ತರ ಆಗುವವರೆಗೆ ಕಾಯುತ್ತೇನೆ. ಆಮೇಲೂ ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಖಾಲಿ ಬಿಡುತ್ತೇನೆ. ಒದ್ದೆ ಎಲೆ ಕಾಂಡಕ್ಕೆ ಅಂಟಿಕೊಂಡರೆ ಬುಡ ಕೊಳೆಯುತ್ತದೆ. ಹುಲ್ಲು ಬಳಸುವವರು ಅದು ಬೀಜ ಕಟ್ಟುವ ಮುನ್ನವೇ ಕೊಯ್ದದ್ದಾ ಅಂತ ನೋಡಿಕೊಳ್ಳಿ. ಒಮ್ಮೆ ತಂದ ಒಂದು ಹೊರೆ ಹುಲ್ಲಿನಿಂದ, ಮೊದಲು ಇಲ್ಲದ ಕಳೆಯೂ ನನ್ನ ತೋಟಕ್ಕೆ ಬಂತು. ಹಸಿ ಹುಲ್ಲಾದರೆ ತೆಳುವಾಗಿ ಹರಡಬೇಕು, ದಪ್ಪ ಹಾಕಿದರೆ ಬಿಸಿಯೇರಿ ಲೋಳೆಯಾಗಿ ನಾರುತ್ತದೆ.

ಸರಿಯಾಗಿ ಹೊದಿಸಿದ ಮೇಲೆ ಆದ ಬದಲಾವಣೆ ನೋಡಿ ನಿಜಕ್ಕೂ ಖುಷಿಯಾಯಿತು. ನೀರು ಕೊಟ್ಟು ಮೂರು ದಿನವಾದರೂ ಎಲೆ ಸರಿಸಿದರೆ ಮಣ್ಣು ತಂಪು. ತುದಿ ಕಪ್ಪಾದ ಟೊಮೆಟೊ ಇಡೀ ಮಡಿಗೆ ಎರಡೋ ಮೂರೋ. ಕಳೆ ಅಲ್ಲೊಂದು ಇಲ್ಲೊಂದು, ಅದೂ ಎರಡು ಬೆರಳಿನಲ್ಲಿ ಎಳೆದರೆ ಬೇರುಸಮೇತ ಬರುತ್ತದೆ. ಅದೇ ಜೇಕನ್ನು ಇದೂ ನಿಲ್ಲಿಸಲಿಲ್ಲ, ಆದರೆ ಮಣ್ಣು ಸಡಿಲ ಇದ್ದ ಕಾರಣ ಗಡ್ಡೆಯ ಜೊತೆಗೇ ತೆಗೆಯಲಾಯಿತು. ಎರಡನೇ ಬೆಳೆ ಮುಗಿದ ಮೇಲೆ ಮೂರೂ ಮಡಿಗೆ ಸಲಿಕೆ ಹಾಕಿ ನೋಡಿದೆ. ಎಲೆ ಹೊದಿಸಿದ್ದಲ್ಲಿ ಒಂದೇ ತುಳಿತಕ್ಕೆ ಇಳಿಯಿತು, ಎರೆಹುಳುಗಳು ಕೈಗೇ ಸಿಕ್ಕವು.

ಒಣ ಎಲೆ ಸಾರಜನಕವನ್ನು ಕಿತ್ತುಕೊಂಡು ಗಿಡ ಹಳದಿ ಮಾಡುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಮೇಲೆ ಹೊದಿಸಿದರೆ ಆ ಭಯ ಬೇಡ. ಮಣ್ಣಿನೊಳಗೆ ಬೆರೆಸಿದರೆ ಮಾತ್ರ ನಿಜ. ಬೇರೊಂದು ಮಡಿಯಲ್ಲಿ ಅರ್ಧ ಕೊಳೆತ ಎಲೆಯನ್ನು ಅಗೆದು ಸೇರಿಸಿ, ಕೂಡಲೇ ಬದನೆ ನೆಟ್ಟೆ. ಒಂದು ತಿಂಗಳು ಗಿಡಗಳು ಹಳದಿಯಾಗಿ ಕೂತವು. ಎಲೆ ಕೊಳೆಸುವ ಸೂಕ್ಷ್ಮಜೀವಿಗಳು ಮೊದಲು ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ, ಗಿಡ ಕಾಯಬೇಕು.

ದೊಡ್ಡ ತೋಟದವರಿಗೆ ನಿಜವಾದ ಪ್ರಶ್ನೆ ಎಲೆ ಎಲ್ಲಿಂದ ತರುವುದು ಅನ್ನೋದು. ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರಿಗೆ 10 ಸೆಂಟಿಮೀಟರ್ ದಪ್ಪ ಅಂದರೆ 100 ಲೀಟರ್ ಎಲೆ, ಅಂದರೆ ತುಂಬಿದ ಒಂದು ದೊಡ್ಡ ಚೀಲ. ದಾರಿ ಬಿಟ್ಟು ನನ್ನ ಮಡಿಗಳೇ ಸುಮಾರು 60 ಚದರ ಮೀಟರ್. ಅಂದರೆ 60 ಚೀಲ! ಅದೂ ಕೆಲವೇ ವಾರಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ.

ಅಷ್ಟು ನನಗೂ ಸಿಗಲಿಲ್ಲ. ಹಾಗಾಗಿ ಈಗ ಎಲೆಯನ್ನು ತಿಂಗಳುಗಟ್ಟಲೆ ನಿಲ್ಲುವ ಟೊಮೆಟೊ, ಬದನೆ, ಮೆಣಸು, ಬೆಂಡೆಗೆ ಮೀಸಲಿಟ್ಟಿದ್ದೇನೆ. ಕುಂಬಳಕ್ಕೆ ಬುಡದಲ್ಲಿ ಒಂದಿಷ್ಟು ಹಾಕುತ್ತೇನೆ, ಉಳಿದ ನೆಲವನ್ನು ಬಳ್ಳಿ ತಾನೇ ಮುಚ್ಚಿಕೊಳ್ಳುತ್ತದೆ. ನಡೆಯುವ ದಾರಿಗೆ ಟೇಪು ಕಿತ್ತ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ ಹಾಸುತ್ತೇನೆ.

ಕ್ಯಾರೆಟ್, ಸೊಪ್ಪಿಗೆ ಮಾತ್ರ ಬರಿ ಮಣ್ಣೇ. ಅಷ್ಟು ಸಣ್ಣ ಬೀಜ ಎಲೆಯ ಕೆಳಗಿಂದ ಏಳುವುದಿಲ್ಲ. ಕ್ಯಾರೆಟ್ ಮೊಳೆಯಲು ಎರಡು ವಾರವೂ ಹಿಡಿಯಬಹುದು, ಅಷ್ಟರಲ್ಲಿ ಕಳೆ ಮುಂದೆ ಓಡಿರುತ್ತದೆ. ಇದಕ್ಕೆ ನಾನು ಮಾಡುವುದು ಇಷ್ಟು: ಮಡಿ ಸಿದ್ಧ ಮಾಡಿ, ಏನೂ ಬಿತ್ತದೆ ನೀರು ಹಾಕಿ ಎರಡು ವಾರ ಬಿಡುತ್ತೇನೆ. ಎದ್ದ ಕಳೆಯನ್ನೆಲ್ಲ ಮೇಲಿಂದಲೇ ಕೆರೆದು ತೆಗೆದು, ಮಣ್ಣನ್ನು ಮಗುಚದೆ ಆಮೇಲೆ ಬೀಜ ಹಾಕುತ್ತೇನೆ. ಕ್ಯಾರೆಟ್ ಗಿಡ ಬೆರಳುದ್ದ ಬಂದ ಮೇಲೆ ಸಾಲುಗಳ ನಡುವೆ ಪುಡಿ ಮಾಡಿದ ಎಲೆ ಉದುರಿಸಿದರೆ ಅಲ್ಲಿಗೆ ಆ ಮಡಿಯ ಕಳೆಯ ಕೆಲಸ ಬಹುಪಾಲು ಮುಗಿಯಿತು.