ನವನಗರದ ಒಂದೇ ಅಂಗಳದಲ್ಲಿ ವ್ಯಾಗನ್‌ಆರ್ ಮತ್ತು ಟಿಯಾಗೊ: ಹತ್ತು ತಿಂಗಳು ಎರಡನ್ನೂ ಓಡಿಸಿ ನೋಡಿದ ಮೇಲೆ

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. 2022ರಲ್ಲಿ ನಾನು ಮಾರುತಿ ಕಂಪನಿಯ 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ವ್ಯಾಗನ್‌ಆರ್ ಕಾರು ಕೊಂಡೆ. ಅದೇ ವರ್ಷ ದೀಪಾವಳಿಯ ಹೊತ್ತಿಗೆ ನನ್ನ ತಮ್ಮ ಟಾಟಾ ಕಂಪನಿಯ ಪೆಟ್ರೋಲ್ ಟಿಯಾಗೊ ತಂದ. ಎರಡು ಗಾಡಿಗಳಲ್ಲೂ ಗೇರ್ ಕೈಯಿಂದಲೇ ಹಾಕಬೇಕು. ಮರುವರ್ಷ ಸೆಪ್ಟೆಂಬರಿನಲ್ಲಿ ತಮ್ಮನಿಗೆ ಕೆಲಸದ ನಿಮಿತ್ತ ಹೊರರಾಜ್ಯಕ್ಕೆ ಹೋಗಬೇಕಾಗಿ ಬಂದಾಗ ಅವನು ಕೀಲಿಯನ್ನು ನನ್ನ ಕೈಗಿತ್ತು, "ಅಣ್ಣಾ, ಹಂಗ ನಿಲ್ಲಿಸಿ ಇಡಬ್ಯಾಡ, ಬ್ಯಾಟರಿ ಕೂಡ್ತೈತಿ. ನಿಂದರ ಜೋಡಿ ಇದನ್ನೂ ಓಡಿಸು" ಎಂದು ಹೇಳಿ ಹೋದ. ಅವನು ತಿರುಗಿ ಬಂದದ್ದು 2024ರ ಜೂನ್ ಕೊನೆಯಲ್ಲಿ. ಹೀಗೆ ಕಬ್ಬಿನ ಹಂಗಾಮು, ಬೇಸಿಗೆ ಮತ್ತು ಮುಂಗಾರಿನ ಮೊದಲ ಮಳೆ ಮೂರನ್ನೂ ಎರಡು ಗಾಡಿಗಳಲ್ಲಿ, ಅದೇ ರಸ್ತೆಗಳಲ್ಲಿ, ಒಬ್ಬನೇ ಚಾಲಕನಾಗಿ ಕಾಣುವ ಅವಕಾಶ ನನಗೆ ಒದಗಿತು.

ಕಾಗದದ ಮೇಲೆ ನೋಡಿದರೆ ಇವೆರಡರಲ್ಲಿ ಆರಿಸುವುದಕ್ಕೆ ಹೆಚ್ಚೇನೂ ಸಿಗುವುದಿಲ್ಲ. ವ್ಯಾಗನ್‌ಆರ್‌ನ ಎಂಜಿನ್ 1197 ಸಿ.ಸಿ., ಟಿಯಾಗೊದ್ದು 1199 ಸಿ.ಸಿ. ಮೊದಲನೆಯದರ ಶಕ್ತಿ 90 ಪಿ.ಎಸ್. (ಅಶ್ವಶಕ್ತಿ), ಎರಡನೆಯದರದು 86. ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಎರಡರದೂ 113 ನ್ಯೂಟನ್ ಮೀಟರ್. ಎಲ್ಲ ಕಂಪನಿಗಳೂ 1200ರ ಹೊಸ್ತಿಲಲ್ಲೇ ಬಂದು ನಿಲ್ಲುವುದು ಕಾಕತಾಳೀಯವಲ್ಲ. ನಾಲ್ಕು ಮೀಟರ್ ಉದ್ದದೊಳಗಿದ್ದು ಪೆಟ್ರೋಲ್ ಎಂಜಿನ್ 1200 ಸಿ.ಸಿ. ಮೀರದಿದ್ದರೆ ಸಣ್ಣ ಕಾರಿನ ತೆರಿಗೆ ಅನ್ವಯವಾಗುತ್ತದೆ. ಆ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದ ಮೇಲೆ ನಮ್ಮ ಓಣಿಯಲ್ಲೇ ಮೂವರು ಬಂದು "ಯಾವುದು ತಗೋಬೇಕ್ರಿ" ಎಂದು ಕೇಳಿದ್ದಾರೆ. ಅವರಿಗೆ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಕೂಡಿಸಿ ಬರೆಯುತ್ತಿದ್ದೇನೆ.

ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ತೋರಿಸಿಕೊಟ್ಟದ್ದು ಎಂಜಿನ್ ಅಲ್ಲ, ಅವ್ವನ ಮೊಣಕಾಲು. ವ್ಯಾಗನ್‌ಆರ್‌ನ ಎತ್ತರ 1675 ಮಿ.ಮೀ., ಟಿಯಾಗೊದ್ದು 1535. ಈ 140 ಮಿಲಿಮೀಟರ್, ಅಂದರೆ ಹೆಚ್ಚೂಕಡಿಮೆ ಒಂದು ಗೇಣಿಗೆ ಮೂರು ಬೆರಳು ಕಡಿಮೆ, ಎಪ್ಪತ್ತು ದಾಟಿದವರಿಗೆ ಎಷ್ಟು ದೊಡ್ಡ ಅಂತರವೆಂಬುದು ಕಾರು ಕೊಳ್ಳುವಾಗ ನನಗೆ ಹೊಳೆದಿರಲಿಲ್ಲ. ವ್ಯಾಗನ್‌ಆರ್‌ನ ಬಾಗಿಲು ತೆರೆದರೆ ಸೀಟು ಅವ್ವನ ಸೊಂಟದ ಮಟ್ಟಕ್ಕೇ ಇರುತ್ತದೆ. ಅವಳು ಸೀರೆಯ ನಿರಿಗೆ ಹಿಡಿದುಕೊಂಡು ಹಿಂದಕ್ಕೆ ಸರಿದು ಮಂಚದ ಮೇಲೆ ಕೂತಂತೆ ಕೂರುತ್ತಾಳೆ. ಆಮೇಲೆ ಒಂದೊಂದೇ ಕಾಲನ್ನು ಒಳಗೆ ತೆಗೆದುಕೊಳ್ಳುತ್ತಾಳೆ. ಟಿಯಾಗೊದಲ್ಲಿ ಮೊದಲು ತಲೆ ಬಗ್ಗಿಸಬೇಕು, ಆಮೇಲೆ ಮೈಯನ್ನು ಕೆಳಗೆ ಬಿಡಬೇಕು. ಇಳಿಯುವಾಗ ಒಂದು ಕೈ ಬಾಗಿಲಿನ ಮೇಲೆ, ಇನ್ನೊಂದು ನನ್ನ ಭುಜದ ಮೇಲೆ. ಬನಶಂಕರಿ ಜಾತ್ರೆಗೆ ಹೋದ ದಿನ ಅವಳು ಇಳಿದು ನಿಂತು, "ಬಾವ್ಯಾಗಿಂದ ಮ್ಯಾಲ ಬಂದಂಗ ಆತು ನೋಡಪಾ" ಎಂದಳು. ಆದರೆ ಇದೇ ಟಿಯಾಗೊದ ಮುಂದಿನ ಸೀಟಿನಲ್ಲಿ ಒಮ್ಮೆ ಕೂತ ಮೇಲೆ ನನ್ನ ಬೆನ್ನಿಗೆ ಸಿಗುವ ಆಸರೆ ವ್ಯಾಗನ್‌ಆರ್‌ನಲ್ಲಿ ಸಿಗುವುದಕ್ಕಿಂತ ಹೆಚ್ಚು. ಹುಬ್ಬಳ್ಳಿಗೆ ಹೋಗಿ ಬಂದ ಸಂಜೆ ಅದು ಚೆನ್ನಾಗಿ ಗೊತ್ತಾಗುತ್ತದೆ. ಅಂದರೆ ಹತ್ತಿ ಇಳಿಯುವುದಕ್ಕೆ ಒಂದು ಗಾಡಿ, ಕೂತಿರುವುದಕ್ಕೆ ಇನ್ನೊಂದು.

ಊರೊಳಗಿನ ಓಡಾಟದಲ್ಲಿ ವ್ಯಾಗನ್‌ಆರ್ ಸುಲಭ. ನವನಗರದ ಸೆಕ್ಟರುಗಳ ರಸ್ತೆ ಅಗಲವಾಗಿವೆ, ಅಲ್ಲಿ ಯಾವ ಗಾಡಿಯಾದರೂ ಸರಿಯೇ. ಹಳೆಯ ಬಾಗಲಕೋಟೆಯ ಪೇಟೆಗೆ ಹೊಕ್ಕಾಗ ಮಾತ್ರ ಎತ್ತರದ ಸೀಟು ಮತ್ತು ದೊಡ್ಡ ಗಾಜಿನ ಬೆಲೆ ತಿಳಿಯುತ್ತದೆ. ಬಾನೆಟ್ಟಿನ ತುದಿ ಎಲ್ಲಿದೆ, ಎಡಗಡೆಯ ತಳ್ಳುಗಾಡಿ ಎಷ್ಟು ದೂರದಲ್ಲಿದೆ ಎಂಬುದು ಕುತ್ತಿಗೆ ಚಾಚದೆಯೇ ಕಾಣುತ್ತದೆ. ಅದರ ನಾಲ್ಕು ಸಿಲಿಂಡರಿನ ಎಂಜಿನ್ ಎರಡನೇ ಗೇರಿನಲ್ಲಿ ತೆವಳುವ ವೇಗದಲ್ಲಿದ್ದರೂ ಮುನಿಸಿಕೊಳ್ಳುವುದಿಲ್ಲ. ಟಿಯಾಗೊದ್ದು ಮೂರು ಸಿಲಿಂಡರ್. ಮೂರು ಸಿಲಿಂಡರಿನ ಎಂಜಿನ್ನುಗಳಿಗೆಲ್ಲ ನಿಂತಲ್ಲಿ ಒಂದು ಸಣ್ಣ ನಡುಕ ಸಹಜವಾಗಿ ಇರುತ್ತದೆ, ಏಕೆಂದರೆ ಅವುಗಳ ಪಿಸ್ಟನ್ನುಗಳ ಏರಿಳಿತ ಒಂದನ್ನೊಂದು ಪೂರ್ತಿಯಾಗಿ ಸರಿದೂಗಿಸುವುದಿಲ್ಲ. ಮೊದಲ ವಾರ ಸಿಗ್ನಲ್ಲಿನಲ್ಲಿ ಸ್ಟಿಯರಿಂಗ್ ಮೇಲೆ ಕೈಯಿಟ್ಟಾಗ ಅದು ಗಮನಕ್ಕೆ ಬರುತ್ತಿತ್ತು, ತಿಂಗಳು ಕಳೆಯುವಷ್ಟರಲ್ಲಿ ಮರೆತೇ ಹೋಯಿತು.

ಗದ್ದನಕೇರಿ ಕ್ರಾಸ್ ದಾಟಿ ಹೆದ್ದಾರಿ ಹಿಡಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ತಿಂಗಳಿಗೆ ಎರಡು ಸಲವಾದರೂ ನಾನು ಕೆರೂರು, ಕುಳಗೇರಿ ಕ್ರಾಸ್, ನರಗುಂದ, ನವಲಗುಂದ ಮಾರ್ಗವಾಗಿ ಹುಬ್ಬಳ್ಳಿಗೆ ಹೋಗಬೇಕು. ನರಗುಂದ ಮತ್ತು ನವಲಗುಂದದ ನಡುವಿನದು ಕಣ್ಣು ಹಾಯುವಷ್ಟು ದೂರ ಮರವಿಲ್ಲದ ಎರೆಯ, ಅಂದರೆ ಕಪ್ಪುಮಣ್ಣಿನ, ಬಯಲು; ಅಲ್ಲಿ ಗಾಳಿ ಎದ್ದರೆ ತಡೆಯುವುದಕ್ಕೆ ಏನೂ ಇಲ್ಲ. ವ್ಯಾಗನ್‌ಆರ್ ಎತ್ತರದ, ಹಗುರಾದ ಗಾಡಿ. ಟಿಯಾಗೊ ಅದಕ್ಕಿಂತ ನೂರು ಕೆ.ಜಿ.ಗೂ ಹೆಚ್ಚು ಭಾರ, ಮತ್ತು ನೆಲಕ್ಕೆ ಹತ್ತಿರ. ಎದುರಿನಿಂದ ಬಸ್ಸು ಭರ್ರನೆ ದಾಟಿದಾಗ ಮೊದಲನೆಯದರಲ್ಲಿ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿಯುತ್ತೇನೆ, ಎರಡನೆಯದರಲ್ಲಿ ಹಾಗೆ ಹಿಡಿಯಬೇಕೆಂದು ಅನಿಸುವುದಿಲ್ಲ. ಎತ್ತರ ಕೊಟ್ಟ ಅನುಕೂಲಕ್ಕೆ ಎತ್ತರವೇ ಪಡೆಯುವ ಬೆಲೆ ಇದು. ಎರಡನ್ನೂ ಬಿಡಿಸಿ ಒಂದನ್ನೇ ಕೊಡು ಎನ್ನಲಾಗದು.

ಕಬ್ಬಿನ ಹಂಗಾಮಿನ ರಾತ್ರಿಯ ಮಾತನ್ನು ಪ್ರತ್ಯೇಕವಾಗಿಯೇ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಗಾಡಿ ಓಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಎರಡೆರಡು ಟ್ರೇಲರ್ ಜಗ್ಗುವ ಟ್ರ್ಯಾಕ್ಟರು, ಎರಡೂ ಬದಿಗೆ ಚಾಚಿಕೊಂಡ ಕಬ್ಬು, ಹಿಂದೆ ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ, ಒಳಗಿನ ಹಾಡಿನ ಅಬ್ಬರದಲ್ಲಿ ಹಾರ್ನ್ ಕೇಳುವ ಭರವಸೆಯೂ ಇಲ್ಲ. ಡಿಸೆಂಬರಿನ ಒಂದು ರಾತ್ರಿ ಕೆರೂರಿನ ಈಚೆಗೆ ಟಿಯಾಗೊದಲ್ಲಿ ಬರುತ್ತಿದ್ದೆ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದು ಹೋದ ಮರುಗಳಿಗೆ ಇಪ್ಪತ್ತೈದು ಮೂವತ್ತು ಹೆಜ್ಜೆ ಮುಂದೆ ಕಬ್ಬಿನ ಬುಡಗಳು ಬೆಳ್ಳಗೆ ಕಂಡವು, ಅದರ ತುದಿಗೆ ಕಟ್ಟಿದ್ದ ಗೋಣಿಚೀಲದ ತುಂಡು ಅಲ್ಲಾಡುತ್ತಿತ್ತು. ಟ್ರ್ಯಾಕ್ಟರು ನಿಂತೇ ಬಿಟ್ಟಿತ್ತು. ಬ್ರೇಕ್ ಪೆಡಲ್ ಕಾಲಡಿ ಕಟಕಟನೆ ಮಿಡಿಯಿತು, ಗಾಡಿ ಗೆರೆ ಬಿಡದೆ ನೇರಕ್ಕೆ ನಿಂತಿತು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ಎರಡೂ ಗಾಡಿಗಳಲ್ಲಿದೆ, ವ್ಯಾಗನ್‌ಆರ್ ಕೂಡ ನಿಲ್ಲುತ್ತಿತ್ತೇನೋ. ಆದರೂ ಆ ರಾತ್ರಿ ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸವೆಂದರೆ, ಕೊಳ್ಳುವಾಗ ಕಡೆಗಣಿಸಿದ್ದ ಸುರಕ್ಷತಾ ಪರೀಕ್ಷೆಯ ಫಲಿತಾಂಶಗಳನ್ನು ಹುಡುಕಿ ಓದಿದ್ದು. ಕಾರುಗಳನ್ನು ಗುದ್ದಿಸಿ ನೋಡಿ ಐದಕ್ಕೆ ಇಷ್ಟೆಂದು ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಪರೀಕ್ಷೆಯಲ್ಲಿ ಟಿಯಾಗೊಗೆ 2020ರಲ್ಲಿ ವಯಸ್ಕರ ರಕ್ಷಣೆಗೆ 4 ನಕ್ಷತ್ರ ಸಿಕ್ಕಿದ್ದವು. ವ್ಯಾಗನ್‌ಆರ್‌ಗೆ 2019ರಲ್ಲಿ 2, ನಿಯಮಗಳನ್ನು ಬಿಗಿಗೊಳಿಸಿದ ಮೇಲೆ 2023ರಲ್ಲಿ 1. ಹಳೆಯ ನಿಯಮದ ಅಂಕವನ್ನು ಹೊಸ ನಿಯಮದ ಅಂಕದ ಪಕ್ಕ ಇಟ್ಟು ತೂಗುವುದು ನ್ಯಾಯವಲ್ಲವೆಂಬುದು ನಿಜ, ಆದರೆ 2 ಮತ್ತು 4ರ ನಡುವಿನ ಅಂತರ ಹಳೆಯ ನಿಯಮದಲ್ಲೇ ಇದೆ. ಈಗ ಹೊಸದಾಗಿ ವ್ಯಾಗನ್‌ಆರ್ ಕೊಳ್ಳುವವರಿಗೆ 2025ರಿಂದ ಆರು ಏರ್‌ಬ್ಯಾಗ್ ಬರುತ್ತವೆ, ನನ್ನದರಲ್ಲಿರುವುದು ಎರಡೇ.

ಎವರೇಜ್ ವಿಚಾರಕ್ಕೆ ಬರೋಣ, ಏಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ನಾನು ಮೀಟರ್ ತೋರಿಸುವ ಅಂಕಿಯನ್ನು ನಂಬಲಿಲ್ಲ. ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ, ಹಳೆಯ ಡೈರಿಯೊಂದರಲ್ಲಿ ಬರೆದಿಟ್ಟೆ. ಊರೊಳಗೆ ವ್ಯಾಗನ್‌ಆರ್ ಲೀಟರಿಗೆ 16, ಟಿಯಾಗೊ 14 ಕಿ.ಮೀ. ಕೊಟ್ಟವು, ಎಂಬತ್ತರ ವೇಗ ಮೀರದೆ ಹೆದ್ದಾರಿಯಲ್ಲಿ ಹೋದರೆ 22 ಮತ್ತು 20. ವ್ಯಾಗನ್‌ಆರ್‌ಗೆ ಕಂಪನಿ ಹೇಳುವುದು 23.56, ಅದು ಪ್ರಯೋಗಾಲಯದ ಅಂಕಿ, ನಮ್ಮ ಹಂಪುಗಳ ಮೇಲಿನದಲ್ಲ. ಎಲ್ಲ ಕೂಡಿಸಿ ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿದರೆ ಟಿಯಾಗೊ ಆರೂವರೆ ಲೀಟರಿನಷ್ಟು ಹೆಚ್ಚು ಕುಡಿಯುತ್ತದೆ. ಪೆಟ್ರೋಲ್ ನೂರು ರೂಪಾಯಿ ದಾಟಿದ ಕಾಲದಲ್ಲಿ ಆರುನೂರೈವತ್ತು ಎಂದಿಟ್ಟುಕೊಳ್ಳಿ. ಅದಕ್ಕಾಗಿ ಗಾಡಿಯನ್ನೇ ಬೇಡವೆನ್ನುವಷ್ಟು ದೊಡ್ಡ ಮೊತ್ತ ನನಗೆ ಇದಾಗಿ ಕಾಣಲಿಲ್ಲ. ಟ್ಯಾಂಕ್ ಮಾತ್ರ ವ್ಯಾಗನ್‌ಆರ್‌ನದು 32 ಲೀಟರ್, ಟಿಯಾಗೊದ್ದು 35 ಇರುವುದರಿಂದ, ಒಮ್ಮೆ ತುಂಬಿಸಿದರೆ ಎರಡೂ ಹೆಚ್ಚೂಕಡಿಮೆ ಅಷ್ಟೇ ದೂರ ಹೋಗುತ್ತವೆ.

ಡಿಕ್ಕಿಯ, ಅಂದರೆ ಹಿಂದೆ ಸಾಮಾನು ಇಡುವ ಜಾಗದ, ವಿಚಾರದಲ್ಲಿ ಹೋಲಿಕೆಯೇ ಇಲ್ಲ. ವ್ಯಾಗನ್‌ಆರ್‌ಗೆ 341 ಲೀಟರ್, ಟಿಯಾಗೊಗೆ 242. ಲೀಟರಿನ ಲೆಕ್ಕ ನನಗೂ ತಲೆಗೆ ಹತ್ತುತ್ತಿರಲಿಲ್ಲ, ಸುಗ್ಗಿಯಲ್ಲಿ ಹೊಲದಿಂದ ಬಿಳಿಜೋಳ ತರುವಾಗ ಹತ್ತಿತು. ಐವತ್ತು ಕೆ.ಜಿ.ಯ ಮೂರು ಚೀಲಗಳನ್ನು ವ್ಯಾಗನ್‌ಆರ್‌ನ ಹಿಂದೆ ನಿಲ್ಲಿಸಿ, ಸಂದಿಯಲ್ಲಿ ಬುತ್ತಿಯ ಚೀಲವನ್ನೂ ತುರುಕಿ ಬಾಗಿಲು ಮುಚ್ಚಿದೆ. ಟಿಯಾಗೊದಲ್ಲಿ ಎರಡು ಚೀಲಕ್ಕೇ ಮುಗಿಯಿತು, ಮೂರನೆಯದು ಹಿಂದಿನ ಸೀಟಿನ ಮೇಲೆ ಅವ್ವನ ಪಕ್ಕದಲ್ಲಿ ಕೂತು ಬಂದಿತು. ಆದರೆ ಮೂರು ಚೀಲ ಹೊತ್ತ ವ್ಯಾಗನ್‌ಆರ್‌ನ ಹಿಂಭಾಗ ತಗ್ಗಿ, ಮುಂದಿನ ದೀಪದ ಬೆಳಕು ಬೇವಿನ ಮರಗಳ ತುದಿಗೆ ಬೀಳುತ್ತಿತ್ತು. ಒಳಗೆ ದೀಪದ ಮಟ್ಟ ಇಳಿಸುವ ಗುಂಡಿಯಿದೆ, ಅದನ್ನು ತಿರುಗಿಸಬೇಕೆಂಬುದು ಎದುರಿನವರು ನಾಲ್ಕಾರು ಸಲ ಬೆಳಕು ಮಿನುಗಿಸಿದ ಮೇಲೆ ನೆನಪಾಯಿತು.

ಹೊಲದ ದಾರಿಯ ಬಗೆಗೆ ಹೆಚ್ಚು ಹೇಳುವುದಿಲ್ಲ. ಗಾಡಿಯ ತಳ ನೆಲದಿಂದ ವ್ಯಾಗನ್‌ಆರ್‌ನಲ್ಲಿ 165 ಮಿ.ಮೀ., ಟಿಯಾಗೊದಲ್ಲಿ 170 ಮಿ.ಮೀ. ಎತ್ತರದಲ್ಲಿದೆ, ಐದು ಮಿಲಿಮೀಟರಿನಿಂದ ಯಾರೂ ಉದ್ಧಾರವಾಗುವುದಿಲ್ಲ. ಗರಸಿನ ದಾರಿಯಲ್ಲಿ ಎರಡೂ ಹೋಗುತ್ತವೆ, ತಗ್ಗುಗಳ ಏಟನ್ನು ಟಿಯಾಗೊ ಮೈಗೆ ಮುಟ್ಟಿಸದೆ ನುಂಗುತ್ತದೆ. ಜೂನಿನ ಮಳೆ ಬಿದ್ದ ಎರೆಮಣ್ಣಿನಲ್ಲಿ ಎರಡೂ ಹೋಗುವುದಿಲ್ಲ. ಚಕ್ರಕ್ಕೆ ಮಣ್ಣು ಉಂಡೆಗಟ್ಟಿ ಮಡ್‌ಗಾರ್ಡಿಗೆ ತುಂಬಿಕೊಂಡರೆ ಕಾರು ಯಾವ ಕಂಪನಿಯದೆಂದು ಎರೆ ಕೇಳುವುದಿಲ್ಲ.

ಬೇಸಿಗೆಯಲ್ಲಿ ಮೂರನೆಯದೊಂದು ಗಾಡಿ ಈ ಹೋಲಿಕೆಯೊಳಗೆ ತಾನಾಗಿಯೇ ಬಂತು. ವಿಜಯಪುರದಲ್ಲಿರುವ ಅಕ್ಕನ ಮನೆಯವರದು ಹ್ಯುಂಡೈ ಕಂಪನಿಯ ಗ್ರ್ಯಾಂಡ್ ಐ10 ನಿಯೋಸ್. ಏಪ್ರಿಲ್‌ನಲ್ಲಿ ಅವರ ಮನೆಯ ಕಾರ್ಯಕ್ಕೆ ಹೋದಾಗ ಒಂದು ವಾರ ಅದನ್ನು ನಾನೇ ಓಡಿಸಿದೆ, ಕೊಲ್ಹಾರದ ಸೇತುವೆ ದಾಟಿ ಬೀಳಗಿಯವರೆಗೂ ಬಂದು ಹೋದೆ. ಕ್ಲಚ್ ಬೆಣ್ಣೆಯಂತಿದೆ, 1197 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ ಮೂರರಲ್ಲಿ ಅತ್ಯಂತ ನಯವಾದದ್ದು. ಹಿಂದಿನ ಸೀಟಿಗೆ ಪ್ರತ್ಯೇಕವಾಗಿ ತಂಪು ಗಾಳಿ ಬಿಡುವ ಕಿಂಡಿಗಳಿವೆ. ನಲವತ್ತು ಡಿಗ್ರಿಯ ಮಧ್ಯಾಹ್ನ ಗೋಲಗುಮ್ಮಟದ ಎದುರು ಬಿಸಿಲಲ್ಲಿ ನಿಲ್ಲಿಸಿ ಬಂದ ಮೇಲೆ ಹಿಂದೆ ಕೂತ ಮಕ್ಕಳು ಗಲಾಟೆ ಮಾಡದೆ ಇದ್ದದ್ದು ಅದರಿಂದಲೇ. ನಮ್ಮ ಎರಡು ಗಾಡಿಗಳಲ್ಲಿ ಮುಂದಿನ ಗಾಳಿ ಹಿಂದಕ್ಕೆ ಮುಟ್ಟುವುದಕ್ಕೆ ಹತ್ತು ನಿಮಿಷವಾದರೂ ಬೇಕು. ಆದರೆ ನಿಯೋಸ್ ಕೂಡ 2020ರ ಪರೀಕ್ಷೆಯಲ್ಲಿ 2 ನಕ್ಷತ್ರವನ್ನೇ ಪಡೆದಿತ್ತು, ಹತ್ತಿ ಇಳಿಯುವುದು ಟಿಯಾಗೊದಂತೆಯೇ ತಗ್ಗಿಗೆ.

ಸರ್ವಿಸ್ ಬಗೆಗೆ ಒಂದು ಪ್ರಸಂಗ ಹೇಳಬೇಕು, ಯಾವ ಗಾಡಿಯದೆಂದು ಹೇಳದೆ. ಎರಡರಲ್ಲಿ ಒಂದರ ಹಿಂಬದಿಯಿಂದ ಹಂಪು ದಾಟಿದಾಗಲೆಲ್ಲ ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದಂತೆ ಸದ್ದು ಬರುತ್ತಿತ್ತು. ವರ್ಕ್‌ಶಾಪಿನಲ್ಲಿ ಎರಡು ಸಲ ಇಡೀ ದಿನ ಗಾಡಿ ಇಟ್ಟುಕೊಂಡು, ತೊಳೆದು, "ಈಗ ಬರೂದಿಲ್ರಿ ಸರ್" ಎಂದು ಕೊಟ್ಟರು. ಗೇಟಿನ ಹಂಪಿನಲ್ಲೇ ಅದು ಬಂತು. ಕೊನೆಗೆ ನಮ್ಮ ಓಣಿಯ ಟೈರಿನ ಅಂಗಡಿಯ ಹುಡುಗ ಸ್ಟೆಪ್ನಿಯನ್ನು ಹೊರಗೆ ತೆಗೆದು ಅದರಡಿ ಸಡಿಲವಾಗಿ ಬಿದ್ದಿದ್ದ ಜಾಕಿಯ ಹಿಡಿಯನ್ನು ಎತ್ತಿ ತೋರಿಸಿದ. ಖರ್ಚು ಒಂದು ಕಪ್ ಚಹಾ.

ಸಿ.ಎನ್.ಜಿ. ತೆಗೆದುಕೊಳ್ಳಬಹುದೇ ಎಂದು ಕೇಳುವವರಿಗೆ ಇಷ್ಟು ಹೇಳಬಲ್ಲೆ: ವ್ಯಾಗನ್‌ಆರ್‌ನಲ್ಲಿ ಅದು 1.0 ಲೀಟರ್ ಎಂಜಿನ್ನಿಗೆ ಮಾತ್ರ ಸಿಗುತ್ತದೆ, ಮತ್ತು ಗ್ಯಾಸ್ ಸಿಲಿಂಡರ್ ಡಿಕ್ಕಿಯನ್ನು ಆಕ್ರಮಿಸುವುದರಿಂದ ಮೇಲೆ ಹೊಗಳಿದ 341 ಲೀಟರನ್ನು ಮರೆಯಬೇಕು. ಟಿಯಾಗೊದಲ್ಲಿ 2023ರಿಂದ ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಸಣ್ಣವನ್ನು ಡಿಕ್ಕಿಯ ತಳದಲ್ಲಿ ಮಲಗಿಸಿ ಸ್ವಲ್ಪ ಜಾಗ ಉಳಿಸಿದ್ದಾರೆ.

ತಮ್ಮ ತಿರುಗಿ ಬಂದ ದಿನ ಎರಡೂ ಕೀಲಿಗಳನ್ನು ಅವನ ಮುಂದಿಟ್ಟು, ಬೇಕಾದರೆ ಗಾಡಿ ಬದಲಿಸಿಕೊಳ್ಳೋಣವೆಂದು ಕೇಳಿದೆ. ಅವನು ಅವ್ವನ ಕಡೆ ನೋಡಿದ. ಅವ್ವ ಅಂಗಳದಲ್ಲಿ ನಿಂತಿದ್ದ ವ್ಯಾಗನ್‌ಆರ್‌ನ ಕಡೆ ನೋಡಿದಳು. ಹಾಗಾಗಿ ಅದು ನನ್ನ ಹತ್ತಿರವೇ ಉಳಿಯಿತು, ಟಿಯಾಗೊ ಅವನ ಜೊತೆ ವಿದ್ಯಾಗಿರಿಯ ಬಾಡಿಗೆ ಮನೆಗೆ ಹೋಯಿತು. ಅಕ್ಟೋಬರ್ ಕಳೆದು ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗೆ ಇಳಿದ ಮೇಲೆ ಹುಬ್ಬಳ್ಳಿಯಿಂದ ರಾತ್ರಿ ಮರಳಬೇಕಾಗುವ ದಿನಗಳಲ್ಲಿ ನಾನು ಬೆಳಗ್ಗೆಯೇ ಅವನಿಗೆ ಫೋನು ಮಾಡಿ ಗಾಡಿ ಬದಲಿಸಿಕೊಳ್ಳುತ್ತೇನೆ. ಅವನು ಹಾಂ ಅನ್ನುತ್ತಾನೆ, ಟ್ಯಾಂಕ್ ತುಂಬಿಸಿ ಕೊಡಬೇಕೆಂಬ ಶರತ್ತಿನ ಮೇಲೆ.