ಮೂರು ಸೀಸನ್ ಉಪ್ಪುಗಾಳಿ ಕುಡಿದ ನನ್ನ 150-600 ಲೆನ್ಸ್

150ರಿಂದ 600 ಎಂಎಂವರೆಗೆ ಹೋಗುವ (ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಈ ಜೂಮ್ ಲೆನ್ಸ್ ಕೊಂಡಿದ್ದೇ ಫ್ಲೆಮಿಂಗೊಗಳಿಗಾಗಿ. 600 ಎಂಎಂ ಪ್ರೈಮ್ (ಜೂಮ್ ಆಗದ, ಒಂದೇ ಅಳತೆಯ ಲೆನ್ಸ್) ನನ್ನ ಕೈಗೆ ಎಟುಕುವ ಮಾತಲ್ಲ. ಕಂಪನಿ ಹೆಸರು ಹೇಳಲ್ಲ, ಸುಮ್ನೆ ಜಗಳ ಯಾಕೆ.

ಮೊದಲ ಸೀಸನ್ ಪೂರ್ತಿ ಇದಕ್ಕೆ ಶಾಪ ಹಾಕಿದೆ. ಬೆಳಗ್ಗೆ ಹತ್ತು ಗಂಟೆಯ ಬಿಸಿಲಲ್ಲಿ ತೆಗೆದ ಒಂದು ಫೋಟೋದಲ್ಲೂ ಆ ತಿಳಿಹಳದಿ ಕಣ್ಣು ಶಾರ್ಪ್ ಆಗಿ ಬರಲಿಲ್ಲ. ಫೋಕಸ್ ಕೆಟ್ಟಿದೆ ಅಂತ ಸರ್ವಿಸ್‌ಗೆ ಕೊಟ್ಟೆ. ಎಲ್ಲ ಸರಿಯಿದೆ ಅಂತ ವಾಪಸ್ ಬಂತು. ನನಗೆ ಇನ್ನೂ ಸಿಟ್ಟು. ಆಮೇಲೊಂದು ದಿನ ಅದೇ ಜಾಗದಲ್ಲಿ ಬೆಳಕು ಹರಿಯುವಾಗ ತೆಗೆದೆ. ಗರಿ ಗರಿಯೂ ಎಣಿಸಬಹುದಿತ್ತು! ಬಿಸಿಲೇರಿದರೆ ಕಾದ ಕೆಸರಿನ ಮೇಲೆ ಗಾಳಿ ನಡುಗುತ್ತದೆ. ದೂರದ ಹಕ್ಕಿಯನ್ನು ಎಂಥ ಲೆನ್ಸಾದರೂ ಅದರ ಮೂಲಕವೇ ನೋಡಬೇಕಲ್ವಾ? ಪಾಪ, ಸುಮ್ನೆ ಬೈದೆ.

ಈಗ ಕತ್ತಲಿರುವಾಗಲೇ ಹೋಗಿ, ಗಾಳಿ ಬೆನ್ನಿಗೆ ಬೀಸುವ ಹಾಗೆ ಕೂರುತ್ತೇನೆ. ಫ್ಲೆಮಿಂಗೊಗಳು ಗಾಳಿಗೆ ಎದುರಾಗಿ ನೀರಿನ ಮೇಲೆ ಓಡಿ ಮೇಲೇಳುತ್ತವೆ. ಅಂದರೆ ನನ್ನ ಕಡೆಗೇ ಬರುತ್ತವೆ. ಬಿಳಿ ಮೈ ಫೋಟೋದಲ್ಲಿ ಗರಿಯೇ ಕಾಣದಷ್ಟು ಬೆಳ್ಳಗೆ ಸುಟ್ಟುಹೋಗದಿರಲಿ ಅಂತ ಎಕ್ಸ್‌ಪೋಷರ್ ಮೈನಸ್ 0.7ಕ್ಕೆ, ಅಂದರೆ ಬೆಳಕು ತುಸು ಕಡಿಮೆಗೆ, ಇಟ್ಟಿರುತ್ತೇನೆ. ಗುಂಪು ಎದ್ದ ಕೂಡಲೇ 600ರಿಂದ 200ಕ್ಕೆ ಎಳೆದರೆ ಆಯಿತು. ಕಪ್ಪು ಅಂಚಿನ ಕೆಂಪು ರೆಕ್ಕೆಗಳೆಲ್ಲ ಒಂದೇ ಫ್ರೇಮಿನಲ್ಲಿ. ಪ್ರೈಮ್ ಇದ್ದವರಿಗೆ ಕತ್ತು ಸಿಕ್ಕರೆ ಕಾಲಿಲ್ಲ, ಕಾಲು ಸಿಕ್ಕರೆ ಕತ್ತಿಲ್ಲ. (ಹಾರಲಿ ಅಂತ ಚಪ್ಪಾಳೆ ತಟ್ಟುವವರ ಪಕ್ಕ ನಾನು ಕೂರುವುದಿಲ್ಲ. ಮೇಯುವ ಹಕ್ಕಿಯನ್ನು ಎಬ್ಬಿಸಿ ಪಡೆದ ಫೋಟೋ ನನಗೆ ಬೇಡ.)

ಆದರೆ ಈ ಎಳೆಯುವ ಸುಖದಲ್ಲೇ ಇದರ ದೊಡ್ಡ ಕೊರತೆಯೂ ಇದೆ. ಜೂಮ್ ಮಾಡಿದಾಗ ಕೊಳವೆ ಹೊರಗೆ ಚಾಚುತ್ತದೆ. ಅದರ ಮೇಲೆ ಉಪ್ಪಿನ ಹನಿ ಕೂರುತ್ತದೆ. ಮಡಚಿದರೆ ಉಪ್ಪು ಒಳಗೆ. ಹಾಗಾಗಿ ಮನೆಗೆ ಬಂದವನೇ ಕೈಕಾಲು ತೊಳೆಯುವ ಮೊದಲು ಲೆನ್ಸಿನ ಸೇವೆ. ಕೊಳವೆಯನ್ನು ಪೂರ್ತಿ ಚಾಚಿಸಿ, ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸುತ್ತೇನೆ. ಮತ್ತೆ ಒಣಬಟ್ಟೆ. ರಿಂಗಿನ ರಬ್ಬರ್ ಗೆರೆಗಳಿಗೆ ಮಕ್ಕಳ ಟೂತ್‌ಬ್ರಷ್. ಕೊನೆಗೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮಲಗಿಸುತ್ತೇನೆ. ಟ್ರೈಪಾಡಿನ ಕಾಲಿಗೂ ಇಷ್ಟು ಮರ್ಯಾದೆ ಸಿಗಲ್ಲ.

ಇಷ್ಟೆಲ್ಲ ಮಾಡುವವನು ಒಂದೇ ಒಂದು ಸಂಜೆ ಸುಸ್ತಾಗಿ ಹಾಗೇ ಮಡಚಿ ಬ್ಯಾಗಿಗೆ ಹಾಕಿದ್ದೆ. ಅವತ್ತಿನಿಂದ 300ರ ಹತ್ತಿರ ರಿಂಗ್ ಕರ್ ಅಂತ ತಡೆಯುತ್ತದೆ. ಲೆನ್ಸಿಗೆ ನನ್ನ ಅಂಕ ಐದಕ್ಕೆ ಮೂರೂವರೆ. ಆ ಅರ್ಧ ಅಂಕ ಕಳೆದದ್ದು ನಾನೇ ಇರಬೇಕು.